ಮನೆಯಲ್ಲೇ ಕೂತು ಇಂಗ್ಲಿಷ್ ಪರೀಕ್ಷೆ: ವಿದೇಶದ ಓದಿಗೆ ಕಡಿಮೆ ಖರ್ಚಿನದ್ದನ್ನು ಆರಿಸುವುದು ಹೇಗೆ?

ನನ್ನ ಚಿಕ್ಕಪ್ಪನ ಮಗಳು ದಾವಣಗೆರೆಯಲ್ಲಿ ಬಿ.ಇ. ಮುಗಿಸಿ ಹೊರದೇಶದಲ್ಲಿ ಎಂ.ಎಸ್. ಮಾಡಲು ಹೊರಟಾಗ ಮೊದಲು ಕೇಳಿದ್ದು ಒಂದೇ ಮಾತು: "ಅಕ್ಕಾ, ಯಾವ ಪರೀಕ್ಷೆ ಅಗ್ಗ?" ನಾನೂ ಅಷ್ಟನ್ನೇ ಹುಡುಕಿ ಹೇಳಿದೆ. ಮನೆಯಿಂದಲೇ ಬರೆಯುವ ಒಂದು ಪರೀಕ್ಷೆಗೆ ಆರೂವರೆ ಸಾವಿರ ಕಟ್ಟಿದಳು. ಒಳ್ಳೆ ಅಂಕವೂ ಬಂತು. ಆಮೇಲೆ ನೋಡಿದರೆ ಅವಳ ಪಟ್ಟಿಯಲ್ಲಿದ್ದ ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಎರಡು ಆ ಪರೀಕ್ಷೆಯನ್ನು ಒಪ್ಪುತ್ತಲೇ ಇರಲಿಲ್ಲ. ಮತ್ತೆ ಹದಿನೇಳು ಸಾವಿರ ಕೊಟ್ಟು ಇನ್ನೊಂದು ಪರೀಕ್ಷೆ ಬರೆಯಬೇಕಾಯಿತು. ಅಲ್ಲಿಗೆ ಖರ್ಚು ಇಪ್ಪತ್ಮೂರು ಸಾವಿರ ದಾಟಿತು.

ಅವತ್ತಿನಿಂದ ಯಾರಾದರೂ ಇದೇ ಪ್ರಶ್ನೆ ಕೇಳಿದರೆ ನಾನು ಬೆಲೆಯಿಂದ ಶುರು ಮಾಡುವುದಿಲ್ಲ. ಒಂದೇ ಸಲ ಹಣ ಕಟ್ಟಿ ಮುಗಿಯುವ ಪರೀಕ್ಷೆಯೇ ಅಗ್ಗದ ಪರೀಕ್ಷೆ. ಅದನ್ನು ಹುಡುಕುವ ದಾರಿಯನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ಪರೀಕ್ಷೆ ಬೇಕೇ ಬೇಕಾ ಎಂದು ಮೊದಲು ನೋಡಿ

ಇದನ್ನು ತುಂಬಾ ಜನ ಕೇಳುವುದೇ ಇಲ್ಲ. ನಿಮ್ಮ ಡಿಗ್ರಿ ಇಂಗ್ಲಿಷ್ ಮಾಧ್ಯಮದಲ್ಲಿ ಆಗಿದ್ದರೆ ಕೆಲವು ವಿಶ್ವವಿದ್ಯಾಲಯಗಳು ಪರೀಕ್ಷೆಯನ್ನೇ ಬಿಟ್ಟುಬಿಡುತ್ತವೆ. ಅದರ ಬದಲು ಕಾಲೇಜಿನಿಂದ ಒಂದು ಪತ್ರ ಕೇಳುತ್ತವೆ. ಹುಡುಗರು ಇದನ್ನು 'ಎಂಒಐ ಲೆಟರ್' ಅಂತಾರೆ. "ಈ ವಿದ್ಯಾರ್ಥಿಯ ಪಾಠ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿ ನಡೆದಿವೆ" ಎಂದು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪ್ರಿನ್ಸಿಪಾಲರ ಸಹಿ, ಸೀಲು ಹಾಕಿ ಕೊಡುವ ಒಂದು ಪುಟ ಅಷ್ಟೇ. ವಿಟಿಯು ಅಡಿಯ ಕಾಲೇಜುಗಳಲ್ಲಿ ಕಚೇರಿಯವರಿಗೆ ಇದು ಹೊಸದೇನಲ್ಲ. ಒಂದು ಅರ್ಜಿ ಕೊಟ್ಟು ಕೇಳಿ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು "ನಮಗಿದು ಸಿಗಲ್ಲ ಬಿಡಿ" ಎಂದು ಸುಮ್ನೆ ಕೂರುತ್ತಾರೆ. ಹಾಗೆ ಕೂರಬೇಡಿ. ಎಂ.ಎಸ್. ಅರ್ಜಿಗೆ ಹೆಚ್ಚಾಗಿ ನೋಡುವುದು ಡಿಗ್ರಿಯ ಮಾಧ್ಯಮವನ್ನು. ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳು ಹನ್ನೆರಡನೇ ತರಗತಿಯ ಇಂಗ್ಲಿಷ್ ಅಂಕವನ್ನೇ ಒಪ್ಪುತ್ತವೆ. ಯಾವ ಬೋರ್ಡು, ಎಷ್ಟು ಅಂಕ ಎಂಬುದು ಒಂದೊಂದು ಕಡೆ ಒಂದೊಂದು ಥರ. ನಿಮ್ಮ ಪಿಯುಸಿ ಅಂಕಪಟ್ಟಿಯನ್ನು ಲಗತ್ತಿಸಿ ಪ್ರವೇಶ ವಿಭಾಗಕ್ಕೆ ಒಂದು ಇಮೇಲ್ ಹಾಕಿ. ಉತ್ತರ ಲಿಖಿತದಲ್ಲಿ ಬಂದರೆ ಹದಿನೇಳು ಸಾವಿರ ಉಳಿಯಿತು ಅಂತಲೇ ಲೆಕ್ಕ.

ಹೆಜ್ಜೆ 2: ಒಂದು ಹಾಳೆ ತೆಗೆದುಕೊಂಡು ಪಟ್ಟಿ ಬರೆಯಿರಿ

ಎಕ್ಸೆಲ್ ಆದರೂ ಸರಿ, ನೋಟ್‌ಬುಕ್ ಆದರೂ ಸರಿ. ಎಡಗಡೆ ನೀವು ಅರ್ಜಿ ಹಾಕುವ ವಿಶ್ವವಿದ್ಯಾಲಯದ ಹೆಸರು, ಅದರ ಪಕ್ಕ ಕೋರ್ಸಿನ ಹೆಸರು. ಕೋರ್ಸು ಬರೆಯುವುದು ಮುಖ್ಯ. ಯಾಕೆಂದರೆ ಒಂದೇ ವಿಶ್ವವಿದ್ಯಾಲಯದಲ್ಲಿ ಬಿ.ಎಸ್. ಪ್ರವೇಶಕ್ಕೆ ಒಪ್ಪುವ ಪರೀಕ್ಷೆಯನ್ನು ಎಂ.ಎಸ್. ವಿಭಾಗ ಒಪ್ಪದೇ ಇರಬಹುದು. ಅಮೆರಿಕದಲ್ಲಿ ಇದು ಸಾಮಾನ್ಯ. ಎಂಐಟಿಯಂಥ ಕಡೆ ಪದವಿ ಪ್ರವೇಶಕ್ಕೆ ಡುಯೊಲಿಂಗೊ ಎಂಬ ಮನೆ ಪರೀಕ್ಷೆ ನಡೆಯುತ್ತದೆ. ಹಾಗಂತ ಅಮೆರಿಕದ ಎಲ್ಲ ಎಂ.ಎಸ್. ವಿಭಾಗಗಳಲ್ಲೂ ನಡೆಯುತ್ತದೆ ಅಂದುಕೊಳ್ಳುವ ಹಾಗಿಲ್ಲ.

ಆಮೇಲೆ ಪ್ರತಿ ಸಾಲಿನ ಮುಂದೆ ಈ ನಾಲ್ಕು ವಿಷಯ ತುಂಬಿ:

- ಯಾವ ಯಾವ ಪರೀಕ್ಷೆ ಒಪ್ಪುತ್ತಾರೆ? ಮನೆಯಿಂದ ಬರೆದದ್ದನ್ನೂ ಒಪ್ಪುತ್ತಾರಾ?
- ಒಟ್ಟು ಅಂಕ ಎಷ್ಟು ಬೇಕು? ಮಾತು, ಬರವಣಿಗೆಗೆ ಬೇರೆ ಬೇರೆ ಕನಿಷ್ಠ ಅಂಕ ಇದೆಯಾ?
- ಅರ್ಜಿಯ ಕೊನೆಯ ದಿನ ಯಾವುದು?
- ವೀಸಾಕ್ಕೆ ಬೇರೆ ನಿಯಮ ಇದೆಯಾ?

ಎರಡನೇ ಪ್ರಶ್ನೆಯಲ್ಲಿ ತುಂಬಾ ಜನ ಎಡವುತ್ತಾರೆ. "ಐಇಎಲ್‌ಟಿಎಸ್ 6.5" (ಇದು ಕೇಂದ್ರಕ್ಕೆ ಹೋಗಿ ಬರೆಯುವ ಇಂಗ್ಲಿಷ್ ಪರೀಕ್ಷೆ) ಎಂದಿದ್ದರೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದು" ಅಂತ ಇರುತ್ತದೆ. ಅಮೆರಿಕದಲ್ಲಿ ಟೀಚಿಂಗ್ ಅಸಿಸ್ಟೆಂಟ್ ಕೆಲಸ ಬೇಕೆಂದರೆ ಮಾತಿನ ವಿಭಾಗದಲ್ಲಿ ಇನ್ನೂ ಜಾಸ್ತಿ ಅಂಕ ಕೇಳುವ ವಿಭಾಗಗಳಿವೆ. ಆ ಕೆಲಸ ಸಿಕ್ಕರೆ ಎಷ್ಟೋ ಕಡೆ ಫೀಸೂ ಮಾಫಿಯಾಗುತ್ತದೆ. ಅದರ ಮುಂದೆ ಪರೀಕ್ಷೆಯಲ್ಲಿ ಉಳಿಸುವ ಹತ್ತು ಸಾವಿರ ದೊಡ್ಡದಲ್ಲ, ಅಲ್ವಾ?

ಈ ಮಾಹಿತಿಯನ್ನು ವಿಶ್ವವಿದ್ಯಾಲಯದ ಜಾಲತಾಣದಿಂದಲೇ ತೆಗೆಯಿರಿ. ಪರೀಕ್ಷೆ ನಡೆಸುವ ಕಂಪನಿ ತನ್ನನ್ನು ಒಪ್ಪುವವರ ಉದ್ದ ಪಟ್ಟಿ ಹಾಕಿರುತ್ತದೆ. ಅದರಲ್ಲಿ ವಿಶ್ವವಿದ್ಯಾಲಯದ ಹೆಸರು ಇರುತ್ತದೆ, ನಿಮ್ಮ ಕೋರ್ಸಿನ ಹೆಸರು ಇರಲೇಬೇಕೆಂದಿಲ್ಲ. ನನ್ನ ತಂಗಿಯ ವಿಷಯದಲ್ಲಿ ನಾನು ಮಾಡಿದ ತಪ್ಪು ಇದೇ.

ಹೆಜ್ಜೆ 3: ವೀಸಾ ಏನು ಕೇಳುತ್ತದೆ?

ವಿಶ್ವವಿದ್ಯಾಲಯ ಒಪ್ಪಿದರೆ ಸಾಲದು, ಆ ದೇಶದ ಸರ್ಕಾರವೂ ಒಪ್ಪಬೇಕು. ಇಲ್ಲಿ ದೇಶದಿಂದ ದೇಶಕ್ಕೆ ತುಂಬಾ ವ್ಯತ್ಯಾಸವಿದೆ.

ಅಮೆರಿಕದ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಸರ್ಕಾರ ಇಂಥದ್ದೇ ಪರೀಕ್ಷೆ ಬೇಕೆಂದು ಕೇಳುವುದಿಲ್ಲ. ವಿಶ್ವವಿದ್ಯಾಲಯ ಸೇರಿಸಿಕೊಂಡರೆ ಆಯಿತು. ಮನೆ ಪರೀಕ್ಷೆ ಹೆಚ್ಚು ಉಪಯೋಗಕ್ಕೆ ಬರುವುದೂ ಅಲ್ಲಿಗೆ ಹೋಗುವವರಿಗೇ. ಆದರೆ ವೀಸಾ ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುತ್ತದೆ, ಅದಕ್ಕೆ ಬೇರೆ ತಯಾರಿ ಬೇಕು.

ಆಸ್ಟ್ರೇಲಿಯಾ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿನ ವೀಸಾಕ್ಕೆ ಮನೆಯಿಂದ ಬರೆದ ಪರೀಕ್ಷೆ ನಡೆಯುವುದಿಲ್ಲ. ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. 2024ರ ಮಾರ್ಚ್ 23ರಿಂದ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐಇಎಲ್‌ಟಿಎಸ್ ಅಂಕವನ್ನೂ 5.5ರಿಂದ 6ಕ್ಕೆ ಏರಿಸಿದ್ದಾರೆ. ಆಸ್ಟ್ರೇಲಿಯಾ ಖಚಿತ ಎಂದಿದ್ದರೆ ಡುಯೊಲಿಂಗೊಗೆ ಹಣ ಹಾಕಬೇಡಿ. ಐಇಎಲ್‌ಟಿಎಸ್ ಅಥವಾ ಅದರಂತೆಯೇ ಕೇಂದ್ರದಲ್ಲಿ ಬರೆಯುವ ಪಿಟಿಇ ಥರದ್ದನ್ನು ನೋಡಿ.

ಬ್ರಿಟನ್ ಇವೆರಡರ ನಡುವೆ ಇದೆ. ಡಿಗ್ರಿ ಅಥವಾ ಅದಕ್ಕಿಂತ ಮೇಲಿನ ಕೋರ್ಸಾದರೆ ಒಳ್ಳೆ ದಾಖಲೆಯಿರುವ ವಿಶ್ವವಿದ್ಯಾಲಯಗಳು ನಿಮ್ಮ ಇಂಗ್ಲಿಷನ್ನು ತಾವೇ ಅಳೆದು ವೀಸಾ ಪತ್ರದಲ್ಲಿ ಬರೆದುಕೊಡಬಹುದು. ಹಾಗಾಗಿಯೇ ಅಲ್ಲಿ ಕೆಲವು ಕಡೆ ಮನೆ ಪರೀಕ್ಷೆಯೂ ಪಿಯುಸಿ ಅಂಕವೂ ನಡೆಯುತ್ತವೆ. ಡಿಗ್ರಿಗಿಂತ ಕೆಳಗಿನ ಕೋರ್ಸು, ಫೌಂಡೇಶನ್ ವರ್ಷ ಎಂದರೆ ಸರ್ಕಾರ ಒಪ್ಪಿದ ಪರೀಕ್ಷೆಯೇ ಬೇಕಾಗುತ್ತದೆ. ಅದಕ್ಕೆ 'ಯುಕೆವಿಐ' (ಬ್ರಿಟನ್ನಿನ ವೀಸಾ ಇಲಾಖೆ) ಹೆಸರಿನಲ್ಲಿರುವ ಐಇಎಲ್‌ಟಿಎಸ್, ಪಿಟಿಇಯಂಥದ್ದನ್ನು ಬರೆಯಬೇಕು. ಮಾಮೂಲಿ ಐಇಎಲ್‌ಟಿಎಸ್‌ಗೂ ಇದಕ್ಕೂ ಪ್ರಶ್ನೆಗಳಲ್ಲಿ ವ್ಯತ್ಯಾಸವಿಲ್ಲ, ಆದರೆ ಬುಕ್ ಮಾಡುವಾಗ ತಪ್ಪಾಗಿ ಮಾಮೂಲಿಯದನ್ನು ಒತ್ತಿದರೆ ಹಣ ಹೋದಂತೆಯೇ.

ಕೆನಡಾದಲ್ಲಿ ಬೇಗ ವೀಸಾ ಕೊಡುತ್ತಿದ್ದ ಎಸ್‌ಡಿಎಸ್ ವ್ಯವಸ್ಥೆ 2024ರ ನವೆಂಬರ್ 8ಕ್ಕೆ ನಿಂತಿತು. ಈಗ ಮುಖ್ಯವಾಗಿ ಕಾಲೇಜು ಯಾವುದನ್ನು ಒಪ್ಪುತ್ತದೆ ಎಂಬುದರ ಮೇಲೆ ಹೋಗುತ್ತದೆ. ಆದರೆ ಇನ್ನೊಂದು ಮಾತು ತಲೆಯಲ್ಲಿರಲಿ. 2024ರ ನವೆಂಬರ್ 1ರಿಂದ ಓದು ಮುಗಿದ ಮೇಲಿನ ಕೆಲಸದ ಪರ್ಮಿಟ್ಟಿಗೂ ಭಾಷಾ ಪರೀಕ್ಷೆ ಕೇಳುತ್ತಿದ್ದಾರೆ. ಇಂಗ್ಲಿಷಿಗೆ ಅಲ್ಲಿ ನಡೆಯುವುದು ಐಇಎಲ್‌ಟಿಎಸ್ ಜನರಲ್, ಸೆಲ್ಪಿಪ್ ಜನರಲ್, ಪಿಟಿಇ ಕೋರ್. ಪ್ರವೇಶಕ್ಕೆ ಡುಯೊಲಿಂಗೊ ಬರೆದವರೂ ಐಇಎಲ್‌ಟಿಎಸ್ ಅಕಾಡೆಮಿಕ್ ಬರೆದವರೂ ಮುಂದೆ ಇನ್ನೊಂದು ಪರೀಕ್ಷೆಗೆ ಹಣ ಎತ್ತಿಟ್ಟುಕೊಳ್ಳಬೇಕು.

ಜರ್ಮನಿಗೆ ಹೋಗುವವರು ನಮ್ಮಲ್ಲಿ ಈಗ ಜಾಸ್ತಿ. ಅಲ್ಲಿನ ಇಂಗ್ಲಿಷ್ ಕೋರ್ಸುಗಳು ಹೆಚ್ಚಾಗಿ ಐಇಎಲ್‌ಟಿಎಸ್ ಅಥವಾ ಟೋಫೆಲ್ ಎಂಬ ಇನ್ನೊಂದು ಪರೀಕ್ಷೆ ಕೇಳುತ್ತವೆ. ಟೋಫೆಲ್ ಒಪ್ಪಿದರೂ ಅದರ ಮನೆ ಆವೃತ್ತಿಯನ್ನು ಬೇಡ ಎನ್ನುವ ಕಡೆಗಳಿವೆ. ನಿಮ್ಮ ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರದ ಖರ್ಚು ಬೇರೆ ಇರುತ್ತದೆ, ಅದನ್ನೂ ಸೇರಿಸಿಯೇ ಬಜೆಟ್ ಮಾಡಿ.

ಹೆಜ್ಜೆ 4: ಈಗ ಬೆಲೆ ನೋಡಿ

ಪಟ್ಟಿ ತುಂಬಿದ ಮೇಲೆ ಎಲ್ಲ ಸಾಲಿಗೂ ಹೊಂದುವ ಪರೀಕ್ಷೆ ಯಾವುದೆಂದು ಕಣ್ಣಿಗೇ ಕಾಣುತ್ತದೆ. ಎರಡು ಮೂರು ಹೊಂದಿದರೆ ಮಾತ್ರ ಬೆಲೆಯ ಪ್ರಶ್ನೆ ಬರುತ್ತದೆ.

ಡುಯೊಲಿಂಗೊ ಇಂಗ್ಲಿಷ್ ಟೆಸ್ಟ್. 2025ರಲ್ಲಿ ಇದರ ಫೀಸು 70 ಡಾಲರ್ ಇತ್ತು. ತೆರಿಗೆ, ಬ್ಯಾಂಕಿನ ಖರ್ಚು ಎಲ್ಲ ಸೇರಿದರೆ ಆರರಿಂದ ಏಳೂವರೆ ಸಾವಿರದ ನಡುವೆ ಬರುತ್ತಿತ್ತು. ಸುಮಾರು ಒಂದು ಗಂಟೆಯ ಪರೀಕ್ಷೆ. ಅಂಕ 10ರಿಂದ 160ರವರೆಗೆ. ಸಾಮಾನ್ಯವಾಗಿ ಎರಡು ದಿನದಲ್ಲಿ ಫಲಿತಾಂಶ. ಎಷ್ಟು ವಿಶ್ವವಿದ್ಯಾಲಯಕ್ಕೆ ಬೇಕಾದರೂ ಅಂಕವನ್ನು ಪುಕ್ಕಟೆ ಕಳಿಸಬಹುದು. ಎಂಟು ಹತ್ತು ಕಡೆ ಅರ್ಜಿ ಹಾಕುವವರಿಗೆ ಇದು ದೊಡ್ಡ ಉಳಿತಾಯ.

ಟೋಫೆಲ್ ಹೋಮ್ ಎಡಿಷನ್. ಕೊರೊನಾ ಕಾಲದಲ್ಲಿ, 2020ರಲ್ಲಿ ಶುರುವಾದದ್ದು. ಮನೆಯಿಂದ ಬರೆಯಬಹುದು, ಆದರೆ ಫೀಸು ಕೇಂದ್ರದಲ್ಲಿ ಬರೆಯುವಷ್ಟೇ. ಅಂದರೆ ಇದು 'ಆನ್‌ಲೈನ್' ಹೌದು, 'ಅಗ್ಗ' ಅಲ್ಲ. ಉಳಿಯುವುದು ಪ್ರಯಾಣದ ಖರ್ಚು ಮಾತ್ರ. 2026ರ ಜನವರಿ 21ರಿಂದ ಟೋಫೆಲ್ ಅಂಕ ಕೊಡುವ ರೀತಿ ಬದಲಾಗಿ 1ರಿಂದ 6ರ ಅಳತೆಗೆ ಬಂದಿದೆ. ಮೊದಲ ಎರಡು ವರ್ಷದವರೆಗೆ ಹಳೆಯ 120ರ ಲೆಕ್ಕವನ್ನೂ ಪಕ್ಕದಲ್ಲಿ ತೋರಿಸುತ್ತಾರೆ. ಹಳೆಯ ತಯಾರಿ ಪುಸ್ತಕ ಕೊಳ್ಳುವ ಮೊದಲು ಅದು ಯಾವ ವರ್ಷದ್ದು ಎಂದು ನೋಡಿಕೊಳ್ಳಿ.

ಐಇಎಲ್‌ಟಿಎಸ್ ಮತ್ತು ಪಿಟಿಇ. ನಮ್ಮ ದೇಶದಲ್ಲಿ 2025ರಲ್ಲಿ ಇವೆರಡೂ ಸುಮಾರು ಹದಿನೇಳು, ಹದಿನೆಂಟು ಸಾವಿರದ ಆಸುಪಾಸು ಇದ್ದವು. ಕೇಂದ್ರಕ್ಕೇ ಹೋಗಬೇಕು. ಪಿಟಿಇ ಅಂಕವನ್ನು ಎಷ್ಟು ಕಡೆಗಾದರೂ ಪುಕ್ಕಟೆ ಕಳಿಸಬಹುದು, ಐಇಎಲ್‌ಟಿಎಸ್‌ನಲ್ಲಿ ಐದು ಕಡೆಗೆ. ಹೆಚ್ಚು ಕಡೆ ನಡೆಯುವ ಹೆಸರು ಐಇಎಲ್‌ಟಿಎಸ್. ಯಾವ ದೇಶ ಎಂದೇ ಇನ್ನೂ ತೀರ್ಮಾನವಾಗಿಲ್ಲ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಹಣ ಒಂದೇ ಸಲ ಹೋಗುತ್ತದೆ, ಆದರೆ ಬಾಗಿಲು ಹೆಚ್ಚು ಕಡೆ ತೆರೆದಿರುತ್ತದೆ.

ಫೀಸಿನ ಜೊತೆ ಪ್ರಯಾಣವನ್ನೂ ಕೂಡಿಸಿ. ಬೀದರಿನ ಹುಡುಗ ಪರೀಕ್ಷೆಗೆಂದು ಹೈದರಾಬಾದಿಗೆ ಹೋಗಿ ಒಂದು ರಾತ್ರಿ ಲಾಡ್ಜಿನಲ್ಲಿ ಉಳಿದರೆ ಎರಡು ಮೂರು ಸಾವಿರ ಸುಲಭವಾಗಿ ಆಗುತ್ತದೆ. ಬೆಂಗಳೂರಿನಲ್ಲೇ ಇರುವವರಿಗೆ ಅದು ಮೆಟ್ರೊ ಟಿಕೆಟ್ಟು.

ಕೋಚಿಂಗ್ ಬಗ್ಗೆ ಒಂದು ಮಾತು. ಕೆಲವು ಕನ್ಸಲ್ಟೆನ್ಸಿಗಳು ಪರೀಕ್ಷೆ, ಕೋಚಿಂಗ್, ಅರ್ಜಿ ಎಲ್ಲ ಸೇರಿಸಿ ಒಂದು ಪ್ಯಾಕೇಜ್ ಹೇಳುತ್ತವೆ. ನಿಮಗೆ ಇಂಥದ್ದೇ ಪರೀಕ್ಷೆ ಸರಿ ಎಂದು ಅವರು ಹೇಳಿದರೆ "ನನ್ನ ಕೋರ್ಸಿನ ಪುಟದಲ್ಲಿ ಅದು ಎಲ್ಲಿದೆ ತೋರಿಸಿ" ಎಂದು ಕೇಳಿ. ತೋರಿಸಿದ ಮೇಲೆ ಹಣ ಕಟ್ಟಿ.

ಹೆಜ್ಜೆ 5: ಹಣ ಕಟ್ಟುವ ಮೊದಲು ನಿಮ್ಮ ಮಟ್ಟ ತಿಳಿಯಿರಿ

ಡುಯೊಲಿಂಗೊ ತನ್ನ ಅಭ್ಯಾಸ ಪರೀಕ್ಷೆಯನ್ನು ಪುಕ್ಕಟೆ ಕೊಡುತ್ತದೆ. ಅದು ನಿಮ್ಮ ಅಂದಾಜು ಅಂಕವನ್ನೂ ತೋರಿಸುತ್ತದೆ. ಮೂರು ನಾಲ್ಕು ಸಲ ಬರೆದು ನೋಡಿ. ಇಎಫ್ ಸೆಟ್ ಎಂಬ ಇನ್ನೊಂದು ಪರೀಕ್ಷೆ ಪೂರ್ತಿ ಉಚಿತ. ಪ್ರವೇಶಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ, ನಿಮ್ಮ ಮಟ್ಟ ತಿಳಿಯಲು ಮಾತ್ರ ಇಟ್ಟುಕೊಳ್ಳಿ.

ನಮ್ಮ ಹುಡುಗರಿಗೆ ತೊಂದರೆ ಕೊಡುವುದು ಹೆಚ್ಚಾಗಿ ಟೈಪಿಂಗ್. ಓದಲು ಬರುತ್ತದೆ, ಕೇಳಿದರೆ ಅರ್ಥವೂ ಆಗುತ್ತದೆ. ಆದರೆ ಕಾಲೇಜು ಪೂರ್ತಿ ಪೆನ್ನಿನಲ್ಲೇ ಬರೆದವರು, ಫೋನಿನಲ್ಲಿ ಒಂದೇ ಬೆರಳಲ್ಲಿ ಒತ್ತಿ ರೂಢಿಯಾದವರು. ಡುಯೊಲಿಂಗೊದಲ್ಲಿ ಒಂದು ವಾಕ್ಯ ಕೇಳಿಸುತ್ತಾರೆ, ಅದನ್ನು ತಪ್ಪಿಲ್ಲದೆ ಟೈಪ್ ಮಾಡಬೇಕು. ಇನ್ನೊಂದರಲ್ಲಿ ಪದಗಳ ಅರ್ಧ ಅಕ್ಷರ ಬಿಟ್ಟಿರುತ್ತಾರೆ, ಸ್ಪೆಲ್ಲಿಂಗ್ ಗೊತ್ತಿದ್ದರೆ ಮಾತ್ರ ತುಂಬಲು ಸಾಧ್ಯ. ಗಡಿಯಾರ ಓಡುತ್ತಲೇ ಇರುತ್ತದೆ. ನನ್ನ ತಂಗಿ ದಿನಾ ರಾತ್ರಿ ಇಂಗ್ಲಿಷ್ ಸುದ್ದಿಯನ್ನು ಎರಡು ನಿಮಿಷ ಕೇಳಿ, ನಿಲ್ಲಿಸಿ ನಿಲ್ಲಿಸಿ ಲ್ಯಾಪ್‌ಟಾಪಿನಲ್ಲಿ ಬರೆಯುತ್ತಿದ್ದಳು. ಮೂರು ವಾರದಲ್ಲಿ ಅವಳ ಅಂದಾಜು ಅಂಕ 100ರಿಂದ 115ಕ್ಕೆ ಬಂತು. ಅಭ್ಯಾಸ ಪರೀಕ್ಷೆಯಲ್ಲಿ ಬೇಕಾದ ಅಂಕಕ್ಕಿಂತ ಐದಾದರೂ ಮೇಲೆ ಬರುವವರೆಗೆ ಹಣ ಕಟ್ಟಬೇಡಿ.

ಹೆಜ್ಜೆ 6: ಹೆಸರು, ಪಾಸ್‌ಪೋರ್ಟ್, ಕಾರ್ಡು

ನಮ್ಮವರ ಇನಿಷಿಯಲ್ ಇಲ್ಲಿ ಕಾಡುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಎಚ್. ಆರ್.' ಎಂದಿದ್ದದ್ದು ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ಅಪ್ಪನ ಹೆಸರೂ ಆಗಿ ಪೂರ್ತಿ ಬಿಡಿಸಿಕೊಂಡಿರುತ್ತದೆ. ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಪರೀಕ್ಷೆಗೆ ನೋಂದಾಯಿಸುವಾಗ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಹೆಸರು ಹಾಕಿ, ವಿಶ್ವವಿದ್ಯಾಲಯದ ಅರ್ಜಿಯಲ್ಲೂ ಅದನ್ನೇ ಹಾಕಿ. ಸರ್‌ನೇಮ್ ಖಾಲಿ ಇದ್ದರೆ ಏನು ತುಂಬಬೇಕೆಂದು ಪರೀಕ್ಷೆಯವರ ಸಹಾಯ ಪುಟದಲ್ಲಿ ನೋಡಿ, ಇಲ್ಲವೇ ಬರೆದು ಕೇಳಿ. ಹೆಸರು ಹೊಂದದಿದ್ದರೆ ಅಂಕ ಅರ್ಜಿಗೆ ಸೇರುವುದೇ ಇಲ್ಲ. ಗುರುತಿಗೆ ಬೇರೆ ಚೀಟಿಗಳೂ ಕೆಲವು ಕಡೆ ನಡೆಯುತ್ತವೆ, ಆದರೂ ಪಾಸ್‌ಪೋರ್ಟೇ ಮೇಲು.

ಕಾರ್ಡಿನ ವಿಷಯ. 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿ ಮೊದಲಿಗೆ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ನೀವೇ ಆನ್ ಮಾಡಬೇಕು. ಡಾಲರಿನಲ್ಲಿ ಕಟ್ಟಿದರೆ ಬ್ಯಾಂಕು ಎರಡರಿಂದ ಮೂರೂವರೆ ಪರ್ಸೆಂಟ್ ಸೇರಿಸಬಹುದು, ಅದರ ಮೇಲೆ ಜಿಎಸ್‌ಟಿ ಬೇರೆ. ಮನೆಯಲ್ಲಿ ಎರಡು ಕಾರ್ಡಿದ್ದರೆ ಯಾವುದರಲ್ಲಿ ಇದು ಕಡಿಮೆ ಎಂದು ನೋಡಿ ಬಳಸಿ. ಪಾವತಿ ಆದಮೇಲೆ ಮತ್ತೆ ಆಫ್ ಮಾಡಲು ಮರೆಯಬೇಡಿ.

ಹೆಜ್ಜೆ 7: ಕೋಣೆ ಸಜ್ಜು ಮಾಡಿ

ಮನೆ ಪರೀಕ್ಷೆಯಲ್ಲಿ ಹಣ ಹಾಳಾಗುವುದು ಬಹಳ ಸಲ ಇಂಗ್ಲಿಷಿನಿಂದಲ್ಲ, ಕೋಣೆಯಿಂದ. ಶಿವಮೊಗ್ಗದಲ್ಲಿ ನಮ್ಮ ಪರಿಚಯದವರ ಮಗ ಚೆನ್ನಾಗಿಯೇ ಬರೆಯುತ್ತಿದ್ದ. ನಲವತ್ತನೇ ನಿಮಿಷಕ್ಕೆ ಅವರಮ್ಮ "ಪಾಪ, ಬೆಳಿಗ್ಗೆಯಿಂದ ಕೂತಿದಾನೆ" ಎಂದು ಕಾಫಿ ಲೋಟ ಹಿಡಿದು ಬಾಗಿಲು ತೆಗೆದರು. ಮಾತೂ ಆಡಲಿಲ್ಲ, ಲೋಟ ಮೇಜಿನ ಮೇಲಿಟ್ಟು ಹೋದರು ಅಷ್ಟೇ. ಎರಡು ದಿನದ ಮೇಲೆ ಬಂದ ಉತ್ತರ: ಕೋಣೆಯಲ್ಲಿ ಇನ್ನೊಬ್ಬರು ಇದ್ದರು, ಅಂಕ ಕೊಡುವುದಿಲ್ಲ. ಆ ಅಮ್ಮ ಎಷ್ಟು ನೊಂದುಕೊಂಡರೆಂದರೆ, ಮುಂದಿನ ಸಲ ಪರೀಕ್ಷೆ ಮುಗಿಯುವವರೆಗೆ ಪಕ್ಕದ ಮನೆಯಲ್ಲೇ ಕೂತಿದ್ದರು.

ಹಾಗಾಗಿ ಮನೆಯವರಿಗೆ ಹಿಂದಿನ ರಾತ್ರಿಯೇ ಕೂರಿಸಿ ಹೇಳಿ. ಬಾಗಿಲಿಗೆ ಒಳಗಿಂದ ಚಿಲಕ ಹಾಕಿ, ಹೊರಗೆ ಒಂದು ಚೀಟಿ ಅಂಟಿಸಿ. ಮೇಜಿನ ಮೇಲೆ ಪುಸ್ತಕ, ಕಾಗದ, ಪೆನ್ನು ಏನೂ ಬೇಡ. ಕಿವಿಗೆ ಇಯರ್‌ಫೋನ್ ಹಾಕುವಂತಿಲ್ಲ, ಹಾಗಾಗಿ ಲ್ಯಾಪ್‌ಟಾಪಿನ ಸ್ಪೀಕರ್, ಮೈಕು ಸರಿಯಿವೆಯಾ ಎಂದು ಮೊದಲೇ ನೋಡಿ. ಕೂದಲು ಕಿವಿ ಮುಚ್ಚದಂತೆ ಕಟ್ಟಿಕೊಳ್ಳಿ. ಬೆಳಕು ಮುಖದ ಮೇಲೆ ಬೀಳಬೇಕು, ಬೆನ್ನ ಹಿಂದೆ ಕಿಟಕಿ ಇರಬಾರದು. ಡುಯೊಲಿಂಗೊದವರು ಫೋನನ್ನು ಎರಡನೇ ಕ್ಯಾಮೆರಾ ಆಗಿ ಪಕ್ಕದಲ್ಲಿ ಇಡಲು ಹೇಳುತ್ತಾರೆ. ಅದಕ್ಕೊಂದು ಸ್ಟ್ಯಾಂಡು, ಪೂರ್ತಿ ಚಾರ್ಜು ಬೇಕು. ಯೋಚಿಸುವಾಗ ಸೀಲಿಂಗ್ ನೋಡುವ ಅಭ್ಯಾಸ ನಮಗೆಲ್ಲ ಇದೆ. ಅದನ್ನು ಬಿಡಬೇಕು, ಕಣ್ಣು ಪರದೆ ಮೇಲೇ ಇರಲಿ. ಅಭ್ಯಾಸ ಪರೀಕ್ಷೆ ಬರೆಯುವಾಗ ಅಣ್ಣನನ್ನೋ ತಂಗಿಯನ್ನೋ ಎದುರಿಗೆ ಕೂರಿಸಿಕೊಂಡು "ನನ್ನ ಕಣ್ಣು ಆಚೆ ಹೋದರೆ ಹೇಳು" ಎನ್ನಿ.

ಟೋಫೆಲ್ ಹೋಮ್ ಆದರೆ ಟಿಪ್ಪಣಿಗೆ ಮಾಮೂಲಿ ಕಾಗದ ನಡೆಯುವುದಿಲ್ಲ. ಒರೆಸಬಹುದಾದ ಸಣ್ಣ ವೈಟ್‌ಬೋರ್ಡು ಮತ್ತು ಮಾರ್ಕರು ತಂದಿಟ್ಟುಕೊಳ್ಳಿ.

ಇನ್ನು ಕರೆಂಟು. ನಿಮ್ಮ ಕಡೆಯ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಯಾವುದೇ ಆಗಲಿ, ದುರಸ್ತಿಗೆ ಕರೆಂಟು ತೆಗೆಯುವ ದಿನವನ್ನು ಪೇಪರಿನಲ್ಲಿ ಹಾಕುತ್ತಾರೆ. ಆ ದಿನ ಬಿಡಿ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದರೂ ವೈಫೈ ರೂಟರಿಗೆ ಇರುವುದಿಲ್ಲ, ಅದಕ್ಕೆ ಒಂದು ಸಣ್ಣ ಯುಪಿಎಸ್ ಹಾಕಿಸಿದರೆ ನಿಶ್ಚಿಂತೆ. ಗಣಪತಿ ಹಬ್ಬದ ವಾರ, ಬೀದಿಯಲ್ಲಿ ಮದುವೆ ಇರುವ ದಿನ ಮೈಕಿನ ಸದ್ದಿಗೆ ಏನೂ ಕೇಳಿಸುವುದಿಲ್ಲ. ಡುಯೊಲಿಂಗೊಗೆ ಹೊತ್ತಿನ ಕಟ್ಟುಪಾಡಿಲ್ಲ. ತಂಗಿ ಬೆಳಗಿನ ಐದೂವರೆಗೆ ಕೂತಳು. ತರಕಾರಿ ಗಾಡಿ ಬಂದಿರಲಿಲ್ಲ, ಯಾರ ಮನೆ ಕುಕ್ಕರೂ ಕೂಗಿರಲಿಲ್ಲ.

ಮನೆಯಲ್ಲಿ ಇಷ್ಟು ವ್ಯವಸ್ಥೆ ಸಾಧ್ಯವಿಲ್ಲ, ಒಂದೇ ಕೋಣೆಯಲ್ಲಿ ಎಲ್ಲರೂ ಇರುತ್ತೇವೆ ಎನ್ನುವವರು ಕಾಲೇಜಿನಲ್ಲಿ ಕೇಳಿ ನೋಡಿ. ಒಬ್ಬರೇ ಕೂರಲು ಒಂದು ಖಾಲಿ ಕೋಣೆ ಕೊಡುವ ಮೇಷ್ಟ್ರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ.

ಹೆಜ್ಜೆ 8: ದಿನ ಆರಿಸುವುದು, ಅಂಕ ಕಳಿಸುವುದು

ಅರ್ಜಿಯ ಕೊನೆಯ ದಿನಕ್ಕೆ ಆರು ವಾರ ಮೊದಲೇ ಪರೀಕ್ಷೆ ಬರೆಯಿರಿ. ಅಂಕ ಕಡಿಮೆ ಬಂದರೆ ಇನ್ನೊಂದು ಸಲ ಬರೆಯಲು ಸಮಯ ಇರುತ್ತದೆ. ಕೊನೇ ವಾರಕ್ಕೆ ಬಿಟ್ಟರೆ ಬೇಗ ಫಲಿತಾಂಶ ಬೇಕೆಂದು ಮತ್ತೆ ಹಣ ಕಟ್ಟಬೇಕಾಗುತ್ತದೆ. ಎರಡನೇ ಸಲ ಬೇಕಾಗಬಹುದು ಅನ್ನಿಸಿದರೆ ಡುಯೊಲಿಂಗೊದಲ್ಲಿ ಎರಡು ಪರೀಕ್ಷೆ ಒಟ್ಟಿಗೆ ಕೊಂಡರೆ ಸ್ವಲ್ಪ ಕಡಿಮೆಗೆ ಸಿಗುತ್ತದೆ.

ಟೋಫೆಲ್ ಬರೆಯುವವರು ಪರೀಕ್ಷೆಗೆ ಮೊದಲೇ ನಾಲ್ಕು ವಿಶ್ವವಿದ್ಯಾಲಯದ ಹೆಸರು ಕೊಟ್ಟರೆ ಅವಕ್ಕೆ ಅಂಕ ಉಚಿತವಾಗಿ ಹೋಗುತ್ತದೆ. ಆಮೇಲೆ ಕಳಿಸಿದರೆ ಒಂದೊಂದಕ್ಕೂ ಹಣ. ಈ ಎಲ್ಲ ಪರೀಕ್ಷೆಗಳ ಅಂಕವೂ ಸಾಮಾನ್ಯವಾಗಿ ಎರಡು ವರ್ಷ ನಡೆಯುತ್ತದೆ. ಕೆಲಸ ಮಾಡುತ್ತಾ "ಮುಂದಿನ ವರ್ಷ ಹೋಗೋಣ" ಎನ್ನುವವರು ಈಗಲೇ ಬರೆದಿಟ್ಟುಕೊಳ್ಳುವ ಅವಸರ ಮಾಡಬೇಡಿ. ಕೋರ್ಸು ಶುರುವಾಗುವ ತಿಂಗಳಿಗೆ ಅಂಕ ಇನ್ನೂ ಜೀವಂತ ಇರುತ್ತದಾ ಎಂದು ಲೆಕ್ಕ ಹಾಕಿ.

ಅಂಕ ಕಳಿಸಿದ ವಾರದ ಮೇಲೆ ವಿಶ್ವವಿದ್ಯಾಲಯದ ಅರ್ಜಿ ಪುಟಕ್ಕೆ ಲಾಗಿನ್ ಆಗಿ "ಸ್ವೀಕರಿಸಿದೆ" ಎಂದು ಬಂದಿದೆಯಾ ನೋಡಿ. ಬಂದಿಲ್ಲದಿದ್ದರೆ ಪಿಡಿಎಫ್ ಲಗತ್ತಿಸಿ, ಪಾಸ್‌ಪೋರ್ಟಿನಲ್ಲಿರುವ ಹೆಸರು ಮತ್ತು ಅರ್ಜಿ ಸಂಖ್ಯೆ ಬರೆದು ಪ್ರವೇಶ ವಿಭಾಗಕ್ಕೆ ಒಂದು ಇಮೇಲ್ ಹಾಕಿ.